ಎಮಿಲಿ ಈಡನ್ ಓದೋದಾ, ಫ್ಯಾನಿ ಪಾರ್ಕ್ಸ್ ಓದೋದಾ?

ಕಂಪನಿ ಸರ್ಕಾರದ ಕಾಲಾನ ಇಂಗ್ಲಿಷ್ ಹೆಂಗಸ್ರು ಹೆಂಗೆ ನೋಡಿದ್ರು ಅಂತ ತಿಳ್ಕೊಳ್ಳೋಕೆ ಒಂದೇ ಪುಸ್ತಕ ಓದ್ತೀನಿ ಅನ್ನೋರಿಗೆ ನಾನಂತೂ ಪಾರ್ಕ್ಸ್ ಅಂತೀನಿ.

ಈಡನ್ ಗವರ್ನರ್ ಜನರಲ್ ಆಕ್ಲೆಂಡ್‌ನ ತಂಗಿ, 1866ರ 'ಅಪ್ ದ ಕಂಟ್ರಿ' ಸೋದರಿಗೆ ಬರೆದ ಕಾಗದಗಳು, ಮಾತು ಬಲು ಚುರುಕು, ಆದ್ರೆ ನೋಡಿದ್ದೆಲ್ಲ ಲಾಟ್ ಸಾಹೇಬನ ಡೇರೆಯಿಂದ. ಆದ್ರೂ 1839ರಲ್ಲಿ ಸಿಮ್ಲಾದಲ್ಲಿ ವಿಕ್ಟೋರಿಯಾ ರಾಣಿ ಹೆಸರಲ್ಲಿ ಡ್ಯಾನ್ಸ್ ನಡೀವಾಗ, ನಾವು 105 ಜನ, ಸುತ್ತ 3000 ಗುಡ್ಡದ ಜನ, ಇವ್ರು ನಮ್ಮ ತಲೆ ಯಾಕೆ ಕಡಿದು ಹಾಕಲ್ಲ ಅಂತ ಯೋಚಿಸ್ತಾಳಲ್ಲ, ಅದನ್ನ ಓದ್ಲೇಬೇಕು.

ಪಾರ್ಕ್ಸ್ ಕಂಪನಿ ಅಧಿಕಾರಿಯೊಬ್ಬನ ಹೆಂಡ್ತಿ, ಈಡನ್ ಹಂಗಲ್ಲ, ಹಿಂದೂಸ್ತಾನಿ ಕಲೀತಾಳೆ, ಸಿತಾರ್ ನುಡಿಸ್ತಾಳೆ, ಗ್ವಾಲಿಯರ್‌ನ ವಿಧವೆ ರಾಣಿ ಬೈಜಾಬಾಯಿ ಜೊತೆ ಕೂತು ವಿಧವೆಯರ ಕಷ್ಟ ಮಾತಾಡ್ತಾ, ಇಂಗ್ಲೆಂಡಿನ ಕಾನೂನಲ್ಲೂ ಹೆಂಡ್ತಿ ಗಂಡನ ಗುಲಾಮಳೇ ಅಂತ ನೇರವಾಗಿ ಹೇಳ್ತಾಳೆ, ಅದೂ 1850ರಲ್ಲೇ ಅಚ್ಚಾದ 'ವಾಂಡರಿಂಗ್ಸ್ ಆಫ್ ಎ ಪಿಲ್ಗ್ರಿಮ್' ಪುಸ್ತಕದಲ್ಲಿ! ಎರಡು ದಪ್ಪ ಸಂಪುಟ ಇದೆ, ಟೈಮ್ ಇಲ್ದೋರು ಈಡನ್‌ನಿಂದ ಶುರು ಮಾಡಿ.