ಡೇಲಿಯೊ ಆ್ಯಪ್: ಖಿನ್ನತೆಯ ಏರಿಳಿತ ಬರೆದಿಡಲು ಎಷ್ಟು ಉಪಯೋಗ?

ಖಿನ್ನತೆ ಇದ್ದವರು ಇಡೀ ದಿನ ಒಂದೇ ಸಮನೆ ಮಂಕಾಗಿರುತ್ತಾರೆ ಎಂದೇನಿಲ್ಲ. ಎಷ್ಟೋ ಜನರಿಗೆ ಬೆಳಗ್ಗೆ ಏಳುವಾಗ ತಡೆಯಲಾರದ ಭಾರ, ಸಂಜೆಗೆ ಕೊಂಚ ಹಗುರ. ನಡುವೆ ಕಾರಣ ಕಾಣದ ಸಿಟ್ಟು, ಅಳು. ವೈದ್ಯರು ‘ಎರಡು ವಾರದಿಂದ ಹೇಗಿದ್ದೀರಿ?’ ಎಂದು ಕೇಳಿದಾಗ ಇದ್ಯಾವುದೂ ನೆನಪಿಗೆ ಬರುವುದಿಲ್ಲ. ದಿನದಿನದ ಮನಸ್ಥಿತಿ ದಾಖಲಿಸುವ ಡೇಲಿಯೊ ಆ್ಯಪ್‌ನಲ್ಲಿ ಒಂದು ಸಾಲೂ ಬರೆಯಬೇಕಿಲ್ಲ. ಅತಿ ಕೆಟ್ಟದರಿಂದ ಅತಿ ಒಳ್ಳೆಯದರವರೆಗಿನ ಐದು ಮುಖಗಳಲ್ಲಿ ಒಂದನ್ನು ಒತ್ತಿ, ಆ ದಿನ ಏನೇನಾಯಿತು ಎಂದು ಹೇಳುವ ಕೆಳಗಿನ ಚಿಹ್ನೆಗಳನ್ನು ಆರಿಸಿದರೆ ಆಯಿತು. ಹಾಸಿಗೆ ಬಿಟ್ಟೇಳಲೂ ಆಗದ ದಿನ ಇದು ನಿಜಕ್ಕೂ ಉಪಕಾರ.

ತೊಂದರೆ ಇರುವುದು ಗ್ರಾಫಿನಲ್ಲಿ. ಅದು ದಿನದ ಸರಾಸರಿ ತೋರಿಸುತ್ತದೆ. ಅತಿ ಕೆಟ್ಟ ಮುಖಕ್ಕೆ 1, ಅತಿ ಒಳ್ಳೆಯದಕ್ಕೆ 5 ಎಂದುಕೊಂಡರೆ, ಬೆಳಗ್ಗೆ 1, ಸಂಜೆ 5 ಇದ್ದವರಿಗೂ 3. ದಿನವಿಡೀ 3 ಇದ್ದವರಿಗೂ 3. ನಮಗೆ ಬೇಕಾದ ಏರಿಳಿತವೇ ಅಲ್ಲಿ ಅಳಿಸಿಹೋಗುತ್ತದೆ. ಹಾಗಾಗಿ ಎದ್ದ ಕೂಡಲೇ, ಮಧ್ಯಾಹ್ನ, ಮಲಗುವ ಮುಂಚೆ, ಹೀಗೆ ಮೂರು ಹೊತ್ತು ಫೋನಿನಲ್ಲಿ ಅಲಾರಂ ಇಟ್ಟು ದಾಖಲಿಸಿ. ವೈದ್ಯರಿಗೆ ಗ್ರಾಫಿನ ಬದಲು ಸಮಯ ಸಹಿತವಾದ ದಾಖಲೆಗಳನ್ನೇ ತೋರಿಸಿ.

ಮೊದಲೇ ಇರುವ ಚಿಹ್ನೆಗಳು ಖಿನ್ನತೆಗೆಂದು ಮಾಡಿದವಲ್ಲ. ಬೇಡದ್ದನ್ನು ತೆಗೆದು ನಾಲ್ಕನ್ನು ಸೇರಿಸಿಕೊಳ್ಳಿ: ‘ಸಿಟ್ಟು’, ‘ಮಾತ್ರೆ ತಪ್ಪಿತು’, ‘ನಿದ್ದೆ ಕಡಿಮೆ, ಆದರೂ ದಣಿವಿಲ್ಲ’, ‘ಮಾತು–ಯೋಚನೆ ವೇಗ’. ಮಾತ್ರೆಯದು ಏಕೆಂದರೆ, ವೆನ್ಲಾಫಾಕ್ಸಿನ್, ಪ್ಯಾರಾಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳು ಮೈಯಿಂದ ಬೇಗ ಇಳಿದುಹೋಗುತ್ತವೆ. ಒಂದೆರಡು ದಿನ ತಪ್ಪಿದರೂ ತಲೆಸುತ್ತು, ಕಿರಿಕಿರಿ, ಕಣ್ಣೀರು ಬರಬಹುದು. ಮನೆಯವರು ಕಾಯಿಲೆ ಮರುಕಳಿಸಿತು ಎಂದುಕೊಳ್ಳುತ್ತಾರೆ. ಕೊನೆಯ ಎರಡು ಚಿಹ್ನೆಗಳು ಕೆಲವು ದಿನ ಜೊತೆಯಾಗಿ ಬಂದರೆ ಅದು ಬೈಪೋಲಾರ್ (ಖಿನ್ನತೆ ಮತ್ತು ಅತಿ ಉತ್ಸಾಹದ ಉನ್ಮಾದ, ಎರಡೂ ಬಂದುಹೋಗುವ ಕಾಯಿಲೆ) ಇರಬಹುದು. ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ತಿಳಿಸಿ, ಏಕೆಂದರೆ ಬೈಪೋಲಾರ್ ಇದ್ದವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದಕ್ಕೆ ತಿರುಗುವ ಅಪಾಯವಿದೆ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ದಾಖಲೆ ಫೋನಿನಲ್ಲೇ ಉಳಿಯುತ್ತದೆ, ಪಿನ್ ಹಾಕಿಕೊಳ್ಳಬಹುದು. ಫೋನ್ ಬದಲಿಸುವ ಮುನ್ನ ಬ್ಯಾಕಪ್ ಮರೆಯಬೇಡಿ.

ಅತಿ ಕೆಟ್ಟ ಮುಖವನ್ನು ಎಷ್ಟು ಸಲ ಒತ್ತಿದರೂ ಆ ಕಡೆ ನೋಡುವವರು ಯಾರೂ ಇಲ್ಲ. ಸಾಯುವ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಶಾಂತರಾಗಿ, ಸಾಮಾನು ಹಂಚತೊಡಗಿದರೆ ಆ್ಯಪ್ ಅದನ್ನು ‘ಒಳ್ಳೆಯ ದಿನ’ ಎಂದೇ ಬರೆದುಕೊಳ್ಳುತ್ತದೆ. ಮನೆಯವರು ಅದನ್ನು ಚೇತರಿಕೆ ಎಂದು ನಂಬದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ: ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.