ಇಂಡಕ್ಷನ್ ಒಲೆ, ಎಂಟು ತಿಂಗಳ ಬಳಕೆ: ಅನ್ನಕ್ಕೆ ಸರಿ, ಹಿಟ್ಟಿಗೆ ಕಷ್ಟ

ಕಳೆದ ಅಕ್ಟೋಬರ್‌ನಲ್ಲಿ ಚಿತ್ತೆ ಮಳೆ ಬಿಡದೆ ಹೊಯ್ದಾಗ ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಕುಸಿಯಿತು. ಮಂಡ್ಯದ ಗುತ್ತಲು ಕಡೆಯ ಹಳೇ ಹೆಂಚಿನ ಮನೆ, ಮಣ್ಣಿನ ಗೋಡೆ. ಸೂರಿನ ಹತ್ತಿರ ಒಡೆದಿದ್ದ ಎರಡೇ ಎರಡು ಹೆಂಚಿನಿಂದ ಇಳಿದ ನೀರು ಗೋಡೆಯನ್ನು ಒಳಗೊಳಗೇ ನೆನೆಸಿತ್ತು. ಬೆಳಗಿನ ಜಾವ ಬಿದ್ದದ್ದು ಪುಣ್ಯ, ಯಾರಿಗೂ ಏನೂ ಆಗಲಿಲ್ಲ. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ಆರು ಜನರ ಊಟ, ನಿದ್ದೆ, ಓದು ಎಲ್ಲ ಅಂದಿನಿಂದ ನಡುಮನೆಗೇ ಬಂತು.

ಸಿಲಿಂಡರನ್ನೂ ಅಲ್ಲಿಗೇ ತರೋಣ ಅಂದುಕೊಂಡೆವು. ಗ್ಯಾಸ್ ತರುವ ಹುಡುಗ ಬೇಡವೇ ಬೇಡ ಅಂದ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡುತ್ತದೆ. ನಾವು ಮಲಗುವುದು ನೆಲದ ಮೇಲೆ, ಮಳೆ ಅಂತ ಕಿಟಕಿಯೂ ಮುಚ್ಚಿರುತ್ತದೆ. ಹಾಗಾಗಿ ಪೇಟೆ ಬೀದಿಯ ಅಂಗಡಿಯಿಂದ ಈ 2000 ವ್ಯಾಟ್ ಒಲೆ ತಂದೆವು. ಬಟನ್ ಎಷ್ಟು, ಮೆನು ಎಷ್ಟು ಅನ್ನುವುದನ್ನೆಲ್ಲ ನೀವೇ ನೋಡಿರುತ್ತೀರಿ, ಬಿಡಿ. ನಾನು ಹೇಳಬೇಕಾದದ್ದು ಹಿಟ್ಟಿನ ವಿಷಯ.

ನಮ್ಮ ಕಡೆ ಹಿಟ್ಟು ಅಂದರೆ ರಾಗಿ ಮುದ್ದೆ. ಮಾವನಿಗೆ ರಾತ್ರಿ ಹಿಟ್ಟಿಲ್ಲದೆ ಊಟವೇ ಅಲ್ಲ. ಮೊದಲ ದಿನ ಅತ್ತೆ ತಮ್ಮ ಅಲ್ಯೂಮಿನಿಯಂ ಪಾತ್ರೆಯಲ್ಲಿ ಎಸರಿಟ್ಟರು. ಒಲೆ ಕೀ ಕೀ ಅಂತ ಕೂಗಿ ಆರಿಹೋಯಿತು. "ಇದ್ಯಾಕವ್ವ ಹಿಂಗೆ ಕೂಗ್ತದೆ?" ಅಂದರು. ಈ ಒಲೆ ತಾನು ಕಾಯುವುದಿಲ್ಲ, ಪಾತ್ರೆಯ ತಳವನ್ನೇ ಕಾಯಿಸುತ್ತದೆ. ಅಯಸ್ಕಾಂತ ಅಂಟುವ ತಳವೇ ಬೇಕು. ಮಗಳು ಒಂದು ಅಯಸ್ಕಾಂತ ಹಿಡಿದು ಮನೆಯ ಪಾತ್ರೆಗಳನ್ನೆಲ್ಲ ಪರೀಕ್ಷೆ ಮಾಡಿದಳು. ಹಳೇ ಕುಕ್ಕರ್ ಆಗಲಿಲ್ಲ, ಹಿತ್ತಾಳೆ ಆಗಲಿಲ್ಲ, ಎಷ್ಟೋ ಸ್ಟೀಲ್ ಪಾತ್ರೆಗಳೂ ಆಗಲಿಲ್ಲ. ದಪ್ಪ ತಳದ ಒಂದು ಸ್ಟೀಲ್ ಪಾತ್ರೆ, 5 ಲೀಟರಿನ ಹೊಸ ಕುಕ್ಕರ್ ಕೊಳ್ಳಬೇಕಾಯಿತು. ಒಲೆಗಿಂತ ಇವಕ್ಕೇ ಹೆಚ್ಚು ದುಡ್ಡು ಹೋಯಿತು. ಗೋಡೆಗೆ ಅಂತ ಚೀಟಿ ಹಾಕಿ ಕಾಯುತ್ತಿದ್ದವರಿಗೆ ಇದು ಸಣ್ಣ ಹೊರೆಯಲ್ಲ.

ಪಾತ್ರೆ ಬಂದರೂ ಕಷ್ಟ ತೀರಲಿಲ್ಲ. ಹಿಟ್ಟು ತೊಳಸಲು ರಟ್ಟೆಯ ಬಲವೆಲ್ಲ ಹಾಕಿ ಕೋಲನ್ನು ಒತ್ತಬೇಕು. ಗಾಜಿನ ಮೇಲೆ ಪಾತ್ರೆ ನಿಲ್ಲುವುದೇ ಇಲ್ಲ, ಜಾರುತ್ತದೆ. ಸ್ವಲ್ಪ ಎತ್ತಿದರೆ ಮತ್ತೆ ಕೂಗು. ಗಾಜು ಎಲ್ಲಿ ಬಿರಿಯುತ್ತದೋ ಅಂತ ಭಯ ಬೇರೆ. ಉರಿ ಸಣ್ಣದು ಮಾಡೋಣ ಅಂದರೆ 400 ವ್ಯಾಟಿಗೆ ಇಟ್ಟಾಗ ಅದು ಸಣ್ಣಗೆ ಉರಿಯುವುದಲ್ಲ; ಒಂದಷ್ಟು ಹೊತ್ತು ಜೋರಾಗಿ ಕಾಯಿಸಿ, ನಿಂತು, ಮತ್ತೆ ಕಾಯಿಸುತ್ತದೆ. ತಳ ಹಿಡಿಯುತ್ತದೆ. ಮೊದಲ ಎರಡು ವಾರ ಗಂಟು ಹಿಟ್ಟು, ಸೀದ ಹಿಟ್ಟು ತಿಂದೆವು. ಮಾವ ಒಂದು ಮಾತೂ ಆಡಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಆಮೇಲೆ ಅತ್ತೆಯೇ ದಾರಿ ಕಂಡುಕೊಂಡರು. ಎಸರಿಗೆ ಒಂದು ಚಮಚ ರಾಗಿ ಹಿಟ್ಟು ಕದಡಿ ಹಾಕಿ ಪೂರ್ತಿ ಉರಿಯಲ್ಲಿ ಮರಳಿಸುವುದು. ಹಿಟ್ಟನ್ನು ನಡುವೆ ಗುಡ್ಡೆ ಸುರಿದು, ಕೋಲಿನಿಂದ ತೂತು ಮಾಡಿ, 800ರಲ್ಲಿ ಐದಾರು ನಿಮಿಷ ಬೇಯಿಸುವುದು. ನಂತರ ಪಾತ್ರೆಯನ್ನು ನೆಲಕ್ಕಿಳಿಸಿ, ಒದ್ದೆ ಮಾಡಿ ಮಡಿಸಿದ ಗೋಣಿಚೀಲದ ಮೇಲೆ ಇಟ್ಟು ತೊಳಸುವುದು. ಅತ್ತೆ ಮಣೆ ಮೇಲೆ ಕೂರುತ್ತಾರೆ, ನಮ್ಮ ಯಜಮಾನರು ಎದುರು ಕೂತು ಎರಡು ಇಕ್ಕಳದಲ್ಲಿ ಪಾತ್ರೆ ಗಟ್ಟಿಯಾಗಿ ಹಿಡಿಯುತ್ತಾರೆ. ಕೊನೆಗೆ ಮುಚ್ಚಳ ಹಾಕಿ ಮತ್ತೆ ಮೂರು ನಿಮಿಷ ಒಲೆ ಮೇಲೆ. ಗಂಟಿಲ್ಲದ ಹಿಟ್ಟು ಬಂದ ದಿನ ಮಾವ ಉಪ್ಪೆಸರಿನಲ್ಲಿ ಎರಡನೇ ಮುದ್ದೆ ಹಾಕಿಸಿಕೊಂಡರು.

ಹದಿನಾಲ್ಕು ವರ್ಷದ ಸಂಸಾರದಲ್ಲಿ ನಮ್ಮ ಯಜಮಾನರು ಅಡುಗೆಯ ಹತ್ತಿರ ಕೂತದ್ದನ್ನು ನಾನು ನೋಡಿರಲಿಲ್ಲ. ಈಗ ಸಂಜೆ ಏಳೂವರೆಗೆ ತಾವೇ ಗೋಣಿಚೀಲ ನೆನೆಸಿ ತರುತ್ತಿದ್ದರು. ಆ ಹತ್ತು ನಿಮಿಷ ತಾಯಿ ಮಗ ಹೊಲದ ವಿಷಯ, ಮೇಸ್ತ್ರಿ ಬರಲಿಲ್ಲ ಅನ್ನುವ ವಿಷಯ ಮಾತಾಡುತ್ತಿದ್ದರು. ಮಕ್ಕಳು ಪುಸ್ತಕ ಬದಿಗಿಟ್ಟು ನೋಡುತ್ತಿದ್ದರು. ಒಲೆಯ ಮೇಲಿನ ನನ್ನ ಸಿಟ್ಟು ಇಳಿದದ್ದು ಅಲ್ಲೇ.

ರಿಪೇರಿ ಮನೆಯಲ್ಲಿ ಇದನ್ನು ಬಳಸುವವರು ಗಮನಿಸಲೇಬೇಕಾದದ್ದು ದೂಳು. ಇದರ ಫ್ಯಾನ್ ಕೆಳಗಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಜನವರಿಯಲ್ಲಿ ಗಾರೆ ಕೆಲಸ ಶುರುವಾದ ಮೇಲೆ ಸಿಮೆಂಟ್ ದೂಳೆಲ್ಲ ಒಳಗೆ ಹೋಗಿ ಫ್ಯಾನ್ ಕರಕರ ಅನ್ನತೊಡಗಿತು, ಒಂದು ದಿನ ಒಲೆಯೇ ನಿಂತಿತು. ಬಿಚ್ಚಿಸಿ ನೋಡಿದರೆ ದೂಳಿನ ಜೊತೆ ಜಿರಳೆಗಳೂ ಇದ್ದವು. ಅಂದಿನಿಂದ ನೆಲದಲ್ಲಿ ಇಡದೆ ಸ್ಟೂಲ್ ಮೇಲೆ ಇಟ್ಟು, ಕೆಲಸದವರು ಬರುವ ಮೊದಲು ಬಟ್ಟೆಯಲ್ಲಿ ಸುತ್ತಿ ಒಳಕೋಣೆಗೆ ಸಾಗಿಸುತ್ತಿದ್ದೆ. ಹೊಸ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹೊಡೆಯುವುದು ಮಾವನ ಪಾಲಾದರೆ ಇದು ನನ್ನ ಪಾಲು. ಇನ್ನೊಂದು, ಪೂರ್ತಿ ಉರಿಯಲ್ಲಿ ಇದು ಸುಮಾರು 9 ಆಂಪ್ಸ್ ಎಳೆಯುತ್ತದೆ. 6 ಆಂಪ್ಸಿನ ಸಾಮಾನ್ಯ ಸಾಕೆಟ್‌ಗೆ ಹಾಕಬೇಡಿ. ನಾವು ಮೊದಲೇ 16 ಆಂಪ್ಸಿನದು ಹಾಕಿಸಿದ್ದೆವು.

ಕರೆಂಟಿನ ಲೆಕ್ಕ ಹೀಗೆ. ಸರ್ಕಾರದ ಗೃಹಜ್ಯೋತಿಯಲ್ಲಿ ನಮಗೆ ತಿಂಗಳಿಗೆ ಉಚಿತವಾಗಿ ಸಿಗುವುದು 90 ಯೂನಿಟ್: 2022-23ರ ಸರಾಸರಿ 82, ಅದರ ಮೇಲೆ ಶೇ 10. ಒಲೆ ಬಂದ ಮೇಲೆ ತಿಂಗಳಿಗೆ 150ರ ಆಸುಪಾಸು. ಹೆಚ್ಚಿನದಕ್ಕೆ ನಾವು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ನಮ್ಮದು. ಡಿಸೆಂಬರ್ ಚಳಿಯಲ್ಲಿ ಸ್ನಾನದ ನೀರನ್ನೂ ಇದರಲ್ಲೇ ಕಾಯಿಸಿ 190ರ ಹತ್ತಿರ ಹೋಗಿದ್ದೆವು. ತಕ್ಷಣ ನೀರನ್ನು ಹಿತ್ತಲ ಹಂಡೆಗೆ ಹಾಕಿದೆವು. ಕುಸಿದ ಸೂರಿನ ಗೆದ್ದಲು ಹತ್ತಿದ ರೀಪರ್ ಪಟ್ಟಿಗಳೇ ಉರುವಲಾದವು. ಭರಣಿ ಮಳೆಯಲ್ಲಿ ರಾತ್ರಿಯಿಡೀ ಕರೆಂಟ್ ಹೋದಾಗಲೂ ಕೈ ಹಿಡಿದದ್ದು ಹಿತ್ತಲ ಒಲೆಯೇ.

ಮೇ ಕೊನೆಗೆ ಅಡುಗೆಮನೆ ಮುಗಿಯಿತು, ಗ್ಯಾಸ್ ಒಲೆ ತನ್ನ ಜಾಗಕ್ಕೆ ಹೋಯಿತು. ಇಂಡಕ್ಷನ್ ಒಲೆಗೆ ಪಕ್ಕದಲ್ಲೇ ಸಾಕೆಟ್ ಹಾಕಿಸಿಕೊಂಡಿದ್ದೇನೆ, ಬೆಳಗಿನ ಹಾಲು ಮತ್ತು ಅನ್ನದ ಕುಕ್ಕರ್ ಈಗಲೂ ಅದರಲ್ಲೇ. ನೀವು ಕೊಳ್ಳುವುದಾದರೆ ಮನೆಯ ಹಿಟ್ಟಿನ ಪಾತ್ರೆಗೆ ಅಯಸ್ಕಾಂತ ಅಂಟುತ್ತದೋ ಇಲ್ಲವೋ ನೋಡಿಕೊಂಡೇ ಅಂಗಡಿಗೆ ಹೋಗಿ. ಅತ್ತೆ ಮಾತ್ರ ಗ್ಯಾಸ್ ಮೇಲೆ ಬೆಂದ ಹಿಟ್ಟನ್ನೂ ನೆಲಕ್ಕಿಳಿಸಿಯೇ ತೊಳಸುತ್ತಾರೆ. "ಬಾ ಮಗ, ಹಿಡ್ಕೊ ಬಾ" ಅಂತ ಏಳೂವರೆಗೆ ಕರೆಯುತ್ತಾರೆ, ಅವರೂ ಹೋಗುತ್ತಾರೆ.