ಹೊಸ ನಮೂನೆ ನಾಟಾ ಕ್ರೇನ್: ಪೈಪ್ ಒಳಗೆ ಹೋಗಿದ್ದಕ್ಕೇ ಅರ್ಧ ದುಡ್ಡು ಕೊಡಬಹುದು

ಹೊಸನಗರದ ಕಡೆ ಅಕೇಶಿಯಾ, ಸಿಲ್ವರ್ ಓಕ್ ಕಡಿಸಿ ಲಾರಿಗೆ ಲೋಡ್ ಮಾಡಿಸುವುದು ನಮ್ಮ ಕೆಲಸ. ಹಳೆ ಕ್ರೇನ್ ಮಾರಿ, ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಕೂರುವ, ಪಂಜದಲ್ಲಿ ದಿಮ್ಮಿ ಹಿಡಿದೆತ್ತುವ ಗ್ರ್ಯಾಪಲ್ ಕ್ರೇನ್ ತಗೊಂಡೆವು. ಒಂದು ಮಳೆಗಾಲ ದುಡಿಸಿ ಆಯಿತು. ಕಂಪನಿ ಹೆಸರು ಹಾಕುವುದಿಲ್ಲ, ಬೈಯುವುದೂ ಸ್ವಲ್ಪ ಇದೆ.

ಹಳೆಯದರಲ್ಲಿ ಹೈಡ್ರಾಲಿಕ್ ಪೈಪೆಲ್ಲ ತೋಳಿನ ಹೊರಗೆ ಜೋತಾಡುತ್ತಿದ್ದವು. ಹಳುವಿನೊಳಗೆ ತೋಳು ಹಾಕಿದರೆ ಯಾವುದಾದರೂ ಕೊಂಬೆ ಸಿಕ್ಕಿಕೊಂಡು ಪೈಪ್ ಕಿತ್ತು ಬರುತ್ತಿತ್ತು. ಎಣ್ಣೆ ಚಿಮ್ಮಿ ಹುಡುಗರ ಮೈಯೆಲ್ಲ ಜಿಡ್ಡು. ಇದರಲ್ಲಿ ಪೈಪ್‌ಗಳು ತೋಳಿನ ಒಳಗೇ ಬಂದು, ತುದಿಯ ಕೊಂಡಿಯ ಮಧ್ಯದಿಂದ, ಪಂಜ ತಿರುಗಿಸುವ ರೊಟೇಟರ್‌ಗೆ ಇಳಿಯುತ್ತವೆ. ಕೊಂಬೆಗೆ ಸಿಗುವುದಕ್ಕೆ ಏನೂ ಇಲ್ಲ. ಆದರೆ ಒಳಗಿನ ಪೈಪ್ ಹೋದರೆ ಎಳೆದು ತೆಗೆಯುವುದು ಪೀಕಲಾಟ. ಹೊಸದನ್ನು ಹಳೆಯದರ ಬಾಲಕ್ಕೆ ಕಟ್ಟಿ ಎಳೆದರೆ ಸಲೀಸು.

ರೊಟೇಟರ್ ಎಷ್ಟು ಸುತ್ತು ಬೇಕಾದರೂ ತಿರುಗುತ್ತದೆ, ಪೈಪ್ ಮುರುಚಿಕೊಳ್ಳುವುದಿಲ್ಲ. ಅದರ ಮೇಲಿನ ಕೊಂಡಿಯಲ್ಲಿ ಬ್ರೇಕ್ ಪ್ಲೇಟ್ ಇವೆ. ದಿಮ್ಮಿ ಎತ್ತಿ ತಿರುಗಿಸಿದಾಗ ಜೋಲಿ ಹೊಡೆಯುವುದು ತುಂಬಾ ಕಮ್ಮಿ. ಲಾರಿ ಕ್ಯಾಬಿನ್ ಹತ್ತಿರ ಲೋಡ್ ಮಾಡಿದವರಿಗೆ ಗೊತ್ತು ಇದರ ಬೆಲೆ. ಪ್ಲೇಟ್ ಸವೆದಂತೆ ನಟ್ ಬಿಗಿ ಮಾಡುತ್ತಿರಬೇಕು, ಅಷ್ಟೇ.

ಎತ್ತುವ ತೂಕದ ವಿಷಯದಲ್ಲಿ ಮಾತ್ರ ಹುಷಾರು. ಬ್ರೋಷರ್‌ನಲ್ಲಿ ಟನ್ ಲೆಕ್ಕ ದೊಡ್ಡ ಅಕ್ಷರದಲ್ಲಿರುತ್ತದೆ, ಎಷ್ಟು ದೂರದಲ್ಲಿ ಅನ್ನುವುದು ಸಣ್ಣದರಲ್ಲಿ. ಅಡಿಕೆ ದೋಟಿ ತುದಿಗೆ ಗೊನೆ ಸಿಕ್ಕಿಕೊಂಡರೆ ಕೈಗೆ ಎಷ್ಟು ಭಾರ ಅನ್ನಿಸುತ್ತದೆ, ಹಾಗೇ ಇದೂ. 3 ಮೀಟರ್‌ನಲ್ಲಿ ಟನ್ ಎತ್ತುವ ಕ್ರೇನ್ 6 ಮೀಟರ್‌ನಲ್ಲಿ ಅರ್ಧ ಟನ್ನೂ ಎತ್ತಲಾರದು, ತೋಳಿನ ಸ್ವಂತ ಭಾರವೂ ಸೇರುತ್ತದಲ್ವಾ. 40 ಸೆಂಟಿಮೀಟರ್ ದಪ್ಪ, 3 ಮೀಟರ್ ಉದ್ದದ ಹಸಿ ಅಕೇಶಿಯಾ ದಿಮ್ಮಿಯೇ 350 ಕೆಜಿ ಆಸುಪಾಸು ಬರುತ್ತದೆ. ಟನ್-ಮೀಟರ್, ಅಂದರೆ ಭಾರವನ್ನು ದೂರದಿಂದ ಗುಣಿಸಿದ ಲೆಕ್ಕ, ಎಷ್ಟು ಅಂತ ಕೇಳಿ.

ಜಾನ್ ಡೀರ್‌ನವರು 2013ರಲ್ಲೇ ಫಾರ್ವರ್ಡರ್‌ಗೆ (ಕಾಡಿನಿಂದ ದಿಮ್ಮಿ ಹೊತ್ತು ತರುವ ಗಾಡಿ) ತೋಳು ಆಡಿಸುವ ಹೊಸ ಬೂಮ್ ಕಂಟ್ರೋಲ್ ತಂದರು. ಅದರಲ್ಲಿ ಒಂದೊಂದು ಸಿಲಿಂಡರನ್ನು ಬೇರೆ ಬೇರೆ ಆಡಿಸಬೇಕಾಗಿಲ್ಲ. ತುದಿ ಎಲ್ಲಿಗೆ ಹೋಗಬೇಕು ಅಂತ ತೋರಿಸಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ನಮ್ಮದರಲ್ಲಿ ಅದಿಲ್ಲ. ನಮ್ಮ ಆಪರೇಟರ್ ಎರಡು ಲಿವರ್ ಒಟ್ಟಿಗೆ ಎಳೆದು ದಿಮ್ಮಿಯನ್ನು ನೆಲಮಟ್ಟದಲ್ಲೇ ನೇರ ತರುತ್ತಾನೆ. ಅವನಿಗೆ ಅದು ಬೇಡ, ಅವನು ರಜೆ ಹಾಕಿದ ದಿನ ನನಗೆ ಬೇಕು.

ಇನ್ನು ಬೈಗುಳ. ಸಪೋರ್ಟ್ ಕಾಲಿನ ಪಾದ ತೀರಾ ಚಿಕ್ಕದು. ಆಷಾಢದ ಕೆಸರಿನಲ್ಲಿ ಹೂತು ಹೋಗುತ್ತದೆ. ಕೆಳಗೆ ದಪ್ಪ ಹಲಗೆ ಹಾಕದೆ ತೋಳು ಚಾಚಲೇಬೇಡಿ. ಗ್ರೀಸ್ ನಿಪ್ಪಲ್‌ಗಳಲ್ಲಿ ಒಂದೆರಡು ತಳಭಾಗದಲ್ಲಿವೆ, ಇಂಬಳದ (ಜಿಗಣೆ) ಕೈಗೆ ಸಿಕ್ಕಿಕೊಂಡೇ ಗ್ರೀಸ್ ಹೊಡೆಯಬೇಕು. ರೊಟೇಟರ್ ಸೀಲ್ ಸೋರಿದಾಗ ಡೀಲರ್ ನಾಳೆ ನಾಳೆ ಅಂತ ಅಲೆಸಿದ. ಪೈಪ್ ಆದರೆ ಶಿವಮೊಗ್ಗದಲ್ಲೇ ಪ್ರೆಸ್ ಮಾಡಿಸಿಕೊಂಡು ಬರಬಹುದು, ಈ ಸೀಲ್ ಎಲ್ಲೂ ಸಿಗಲಿಲ್ಲ. ಗಾಡಿ ತಗೊಳ್ಳುವಾಗಲೇ ಒಂದು ಸೆಟ್ ಸೀಲ್ ಬಿಲ್ಲಿಗೆ ಸೇರಿಸಿಕೊಳ್ಳಿ. ಡೆಮೋಗೆ ಬಂದಾಗ ಒಣ ಕಟ್ಟಿಗೆ ಎತ್ತಿ ತೋರಿಸುತ್ತಾರೆ, ನೀವು ತೋಳು ಪೂರ್ತಿ ಚಾಚಿಸಿ ಹಸಿ ದಿಮ್ಮಿಯನ್ನೇ ಎತ್ತಿಸಿ.